ಬಳ್ಳಿ ಭರ್ಜರಿ, ಬುಡದಲ್ಲಿ ಬೆರಳು ಗಾತ್ರ: ಗೆಣಸಿನ ಗೊಬ್ಬರದ ಲೆಕ್ಕ

ಇವತ್ತು ಗೆಣಸಿನ ವಿಷಯ. "ಇಷ್ಟು ಹೊತ್ತು ಏನ್ ಗೆಣಸು ಕೀಳ್ತಾ ಇದ್ದೆ?" ಅಂತ ನಮ್ಮಲ್ಲಿ ಬೈಯೋದಕ್ಕೆ ಹೇಳ್ತಾರಲ್ಲ, ಆ ಮಾತು ಶುರು ಮಾಡಿದವರು ಒಂದು ದಿನವೂ ಗೆಣಸು ಕಿತ್ತಿರಲಿಕ್ಕಿಲ್ಲ. ಬೆನ್ನು ಬಗ್ಗಿಸಿ, ಗೆಡ್ಡೆಗೆ ಗುದ್ದಲಿ ತಾಗದ ಹಾಗೆ ಅಗೆಯೋ ಕೆಲಸ ಅದು. ಅಷ್ಟು ಮಾಡಿದ ಮೇಲೂ ಕೆಳಗೆ ಏನೂ ಸಿಗದೆ ಹೋದರೆ?

ಖಾನಾಪುರ ಕಡೆಯ ಒಬ್ಬ ಕೇಳುಗ ಕಳಿಸಿದ ವಾಯ್ಸ್ ನೋಟ್‌ನಲ್ಲಿ ಇದ್ದದ್ದು ಇದೇ. ಹೆಸರು ಬೇಡ ಅಂದಿದ್ದಾನೆ. ಅವನ ಮಾತನ್ನ ಹಾಗೇ ಹೇಳ್ತೀನಿ: "ಅಕ್ಕಾ, ಬಳ್ಳಿ ನೋಡಿದ್ರ ದೃಷ್ಟಿ ತಾಗಬೇಕು, ಹಂಗ ಬೆಳದಾವ. ಅಗದ್ ನೋಡಿದ್ರ ಬೆರಳಿನಷ್ಟು ದಪ್ಪ ಬೇರು, ಅಷ್ಟ. ಅಪ್ಪ ಅಂತಾರ ಇನ್ನೊಂದ್ ಚೀಲ ಯೂರಿಯಾ ಹಾಕಬೇಕಿತ್ತು ಅಂತ. ನನಗ ಯಾಕೋ ಹಾಕಿದ್ದ ಜಾಸ್ತಿ ಆತು ಅನಸ್ತೈತಿ. ನೀವ ಹೇಳ್ರಿ." ಈ ವರ್ಷ ಗೆಣಸು ಬಿಟ್ಟು ಆ ಒಂದು ಎಕರೆಗೂ ಕಬ್ಬು ಹಚ್ಚೋಣ ಅಂತ ಮನೇಲಿ ಮಾತು ನಡೆದಿದೆಯಂತೆ.

ನಾನು ಓದಿದ್ದು ಬಿ.ಕಾಂ. ಕೃಷಿ ಪದವಿ ನನಗಿಲ್ಲ. ಆದರೆ ಅಪ್ಪ–ಮಗನ ಈ ಜಗಳದಲ್ಲಿ ಅರ್ಧ ಮಣ್ಣಿನದು, ಇನ್ನರ್ಧ ರೇಟಿನದು. ರೇಟಿನ ಭಾಗ ನನಗೆ ಬರುತ್ತೆ, ಮಣ್ಣಿನ ಭಾಗವನ್ನ ಓದಿ, ತಿಳಿದವರನ್ನ ಕೇಳಿ ಹೇಳ್ತಾ ಇದ್ದೀನಿ. ಮೊದಲೇ ಹೇಳಿಬಿಡ್ತೀನಿ, ನನ್ನ ಓಟು ಮಗನಿಗೆ.

ಬೆಂಗಳೂರಲ್ಲಿ ಕೂತು ಕೇಳೋರಿಗೆ ಗೆಣಸು ಅಂದ್ರೆ ಸಂಕ್ರಾಂತಿ. ಅವರೆಕಾಯಿ, ಕಡಲೆಕಾಯಿ ಜೊತೆ ಬೇಯಿಸಿ ತಿಂದು ಮುಂದಿನ ವರ್ಷದ ತನಕ ಮರೆತುಬಿಡ್ತೀವಿ. ಬೆಳಗಾವಿ, ಖಾನಾಪುರ ಕಡೆ ಅದು ಹಬ್ಬದ ತಿಂಡಿಯಲ್ಲ, ಮನೆ ನಡೆಸೋ ಬೆಳೆ. ನಮ್ಮ ರಾಜ್ಯದಲ್ಲಿ ಗೆಣಸು ಅಂದ್ರೆ ಮೊದಲು ಬರೋ ಹೆಸರು ಬೆಳಗಾವಿಯದ್ದೇ. ಅಲ್ಲಿ ಮರಾಠಿ ಮಾತಾಡೋರು ಇದನ್ನ ರತಾಳೆ ಅಂತಾರೆ. ಮುಂಗಾರಿಗೆ ಬಳ್ಳಿ ನೆಟ್ಟು, ಮೂರೂವರೆ–ನಾಲ್ಕು ತಿಂಗಳಿಗೆ ಕಿತ್ತು, ತೊಳೆದು, ಚೀಲ ತುಂಬಿ ಮಾರುಕಟ್ಟೆಗೆ ಹಾಕ್ತಾರೆ. ಅಲ್ಲಿಂದ ಲಾರಿ ಉತ್ತರದ ಕಡೆ ಹೊರಡುತ್ತೆ. ನವರಾತ್ರಿ, ಏಕಾದಶಿ, ಶಿವರಾತ್ರಿ ಉಪವಾಸದಲ್ಲಿ ಅಕ್ಕಿ–ಗೋಧಿ ಮುಟ್ಟದ ಜನ ಗೆಣಸು ತಿಂತಾರಲ್ಲ, ಆ ಬೇಡಿಕೆಗಾಗಿ. ಹೀಗಾಗಿ ರೈತನಿಗೆ ತೂಕ ಎಷ್ಟು ಮುಖ್ಯವೋ, ಸರಿಯಾದ ದಿನಕ್ಕೆ ಸರಿಯಾದ ಗಾತ್ರದ, ನುಣುಪಾದ ಗೆಣಸು ಬರೋದೂ ಅಷ್ಟೇ ಮುಖ್ಯ. ಸೀಳು ಬಿಟ್ಟದ್ದು, ಹುಳು ಹಿಡಿದದ್ದು ಆರಿಸಿ ಪಕ್ಕಕ್ಕಿಟ್ಟರೆ ಅದರ ರೇಟು ಬೇರೆ.

ಈಗ ಗೆಡ್ಡೆ ಹೇಗೆ ಆಗುತ್ತೆ ಅಂತ ನೋಡೋಣ. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗ್ತೀನಿ, ಯಾಕಂದ್ರೆ ಎಲ್ಲ ಇದರ ಮೇಲೆ ನಿಂತಿದೆ.

ಆಲೂಗಡ್ಡೆ ಅನ್ನೋದು ನೆಲದೊಳಗಿನ ಕಾಂಡ. ಗೆಣಸು ಬೇರು. ಬಳ್ಳಿ ತುಂಡನ್ನ ನೆಟ್ಟಾಗ ಗೆಣ್ಣಿನಿಂದ ಹತ್ತಾರು ಬೇರು ಹೊರಡುತ್ತೆ. ಶುರುವಿನಲ್ಲಿ ಎಲ್ಲ ಒಂದೇ ಥರ. ನೆಟ್ಟ ಮೊದಲ ಕೆಲವು ವಾರಗಳಲ್ಲಿ ಅವುಗಳ ಹಣೆಬರಹ ತೀರ್ಮಾನ ಆಗುತ್ತೆ. ಕೆಲವು ಬೇರು ಒಳಗೇ ಹೊಸ ಕೋಶಗಳ ಪದರ ಮಾಡ್ಕೊಂಡು ಊದೋಕೆ ಶುರು ಮಾಡುತ್ತೆ, ಅದೇ ಮುಂದೆ ಗೆಡ್ಡೆ. ಉಳಿದವು ನಾರು ಕಟ್ಟಿ ಗಟ್ಟಿಯಾಗುತ್ತೆ. ಒಂದು ಸಲ ಕಟ್ಟಿಗೆ ಥರ ಆದ ಬೇರು ಆಮೇಲೆ ಏನು ಸುರಿದರೂ ಗೆಡ್ಡೆ ಆಗಲ್ಲ. ನಮ್ಮ ಕೇಳುಗ ಹೇಳಿದ ಬೆರಳಿನಷ್ಟು ದಪ್ಪದ ಬೇರು ಇಂಥವೇ.

ಯಾವುದು ಗೆಡ್ಡೆ, ಯಾವುದು ನಾರು ಅಂತ ತೀರ್ಮಾನ ಮಾಡೋದು ಏನು? ಆ ಮೊದಲ ತಿಂಗಳಲ್ಲಿ ಮಣ್ಣು ಒಣಗಿದರೆ ನಾರು. ನೀರು ನಿಂತು ಬೇರಿಗೆ ಉಸಿರು ಕಟ್ಟಿದರೆ ನಾರು. ಮಣ್ಣು ಕಲ್ಲಿನಂತೆ ಬಿಗಿದಿದ್ದರೆ ನಾರು. ಸಾರಜನಕ ಅತಿಯಾಗಿದ್ದರೂ ಅದೇ ಕಥೆ. ಗಿಡಕ್ಕೆ ಮೇಲೆ ಎಲೆ ಬಿಡೋದೇ ಲಾಭ ಅನ್ನಿಸಿಬಿಡುತ್ತೆ, ಕೆಳಗೆ ಕೂಡಿಡೋ ಯೋಚನೆನೇ ಇರಲ್ಲ. ಸಂಬಳ ಬಂದ ದಿನವೇ ಎಲ್ಲ ಖರ್ಚು ಮಾಡೋ ನನ್ನ ಕೆಲವು ಸ್ನೇಹಿತರ ಹಾಗೆ. ಅವರ ಸ್ಟೇಟಸ್ ಭರ್ಜರಿ, ಪಾಸ್‌ಬುಕ್ ಬೆರಳು ಗಾತ್ರ.

ಇನ್ನೊಂದು ಸ್ವಾರಸ್ಯ. ಕಬ್ಬಿನಂತೆ ಗೆಣಸಿನ ಬಳ್ಳಿಯೊಳಗೂ ಗಾಳಿಯ ಸಾರಜನಕವನ್ನ ಹಿಡಿದು ಕೊಡೋ ಬ್ಯಾಕ್ಟೀರಿಯಾ ವಾಸ ಮಾಡ್ತವೆ. ಬಡ ಮಣ್ಣಲ್ಲೂ ಗೆಣಸು ಒಂದು ಮಟ್ಟಕ್ಕೆ ಬರೋದಕ್ಕೆ ಇದೂ ಒಂದು ಕಾರಣ. ಹಾಗಂತ ಗೊಬ್ಬರವೇ ಬೇಡ ಅಂತಲ್ಲ. ಭತ್ತಕ್ಕೆ, ಮೆಕ್ಕೆಜೋಳಕ್ಕೆ ಹಾಕೋ ಅಂದಾಜಿನಲ್ಲಿ ಇದಕ್ಕೂ ಯೂರಿಯಾ ಹಾಕಬೇಡಿ ಅಂತ.

ಅಪ್ಪಂದಿರು ಯಾಕೆ ಯೂರಿಯಾ ಕಡೆಗೇ ಕೈ ಚಾಚ್ತಾರೆ? ಇಲ್ಲಿ ನನ್ನ ಕಾಸ್ಟಿಂಗ್ ಪೇಪರ್ ಶುರು.

ಯೂರಿಯಾ ಚೀಲ ಈಗ 45 ಕೆ.ಜಿ.ಯದ್ದು, ಬೆಲೆ 266 ರೂಪಾಯಿ 50 ಪೈಸೆ. ಮೊದಲು 50 ಕೆ.ಜಿ. ಚೀಲ ಇತ್ತು, 2018ರಲ್ಲಿ 45 ಆಯ್ತು. ಅದರಲ್ಲಿ 46 ಪರ್ಸೆಂಟ್ ಸಾರಜನಕ, ಅಂದ್ರೆ ಚೀಲಕ್ಕೆ 20 ಕೆ.ಜಿ. ಚಿಲ್ಲರೆ. ಭಾಗಿಸಿ ನೋಡಿ, ಒಂದು ಕೆ.ಜಿ. ಸಾರಜನಕ ರೈತನಿಗೆ 13 ರೂಪಾಯಿಗೆ ಬಿತ್ತು. ಪೊಟ್ಯಾಷ್ ಚೀಲ 50 ಕೆ.ಜಿ., ಅದರಲ್ಲಿ 60 ಪರ್ಸೆಂಟ್ ಪೊಟ್ಯಾಷ್, ಅಂದ್ರೆ 30 ಕೆ.ಜಿ. ಈಚಿನ ವರ್ಷಗಳಲ್ಲಿ ಚೀಲದ ಬೆಲೆ 1500 ದಾಟಿದೆ. ಕೆ.ಜಿ.ಗೆ 50 ರೂಪಾಯಿ ಮೇಲೆ. ನಾಲ್ಕು ಪಟ್ಟು ವ್ಯತ್ಯಾಸ.

ಇದಕ್ಕೊಂದು ಇತಿಹಾಸ ಇದೆ. 2010ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ರಂಜಕ, ಪೊಟ್ಯಾಷ್ ಗೊಬ್ಬರಗಳಿಗೆ ಪೋಷಕಾಂಶ ಆಧಾರಿತ ಸಬ್ಸಿಡಿ ಅಂತ ತಂತು. ಸರ್ಕಾರ ಕೆ.ಜಿ.ಗೆ ಇಷ್ಟು ಅಂತ ಕೊಡುತ್ತೆ, ಉಳಿದ ರೇಟು ಮಾರುಕಟ್ಟೆಗೆ ಬಿಟ್ಟಿದ್ದು. ಯೂರಿಯಾ ಮಾತ್ರ ಅದರಿಂದ ಹೊರಗೆ ಉಳೀತು, ಅದರ ಬೆಲೆ ಸರ್ಕಾರವೇ ಕಟ್ಟಿಹಾಕಿದೆ. ಪೊಟ್ಯಾಷ್ ನಮ್ಮ ದೇಶದ ಗಣಿಯಿಂದ ಬರೋದಿಲ್ಲ, ಹಡಗಿನಲ್ಲಿ ಬರಬೇಕು. ಡಾಲರ್ ಏರಿದರೆ, ಎಲ್ಲೋ ಯುದ್ಧ ಆದರೆ ಖಾನಾಪುರದ ಅಂಗಡಿಯಲ್ಲಿ ರೇಟು ಬದಲಾಗುತ್ತೆ. ಯೂರಿಯಾ ಹಾಕಿದರೆ ವಾರದಲ್ಲಿ ಎಲೆ ಕಪ್ಪಗಿನ ಹಸಿರಾಗುತ್ತೆ, ಪಕ್ಕದ ಹೊಲದವನು ನಿಂತು ನೋಡ್ತಾನೆ. ಪೊಟ್ಯಾಷ್ ಹಾಕಿದರೆ ಮೇಲೆ ಏನೂ ಕಾಣಲ್ಲ. ಅಗ್ಗದ್ದು, ಕಣ್ಣಿಗೆ ಕಾಣೋದು. ಇನ್ನೊಂದು ದುಬಾರಿ, ಕಣ್ಣಿಗೆ ಕಾಣದ್ದು. ಆ ಅಪ್ಪನ ಜಾಗದಲ್ಲಿ ಯಾರಿದ್ದರೂ ಏನು ಮಾಡ್ತಿದ್ರು ಹೇಳಿ. ಹಾಗಾಗಿ ಇದನ್ನ ರೈತರ ತಿಳಿವಳಿಕೆ ಕಮ್ಮಿ ಅಂತ ಹೇಳೋರನ್ನ ಕಂಡರೆ ನನಗೆ ಸಿಟ್ಟು ಬರುತ್ತೆ. ರೇಟು ಯಾವ ಕಡೆ ತಳ್ಳಿತೋ ಆ ಕಡೆ ಹೋಗಿದ್ದಾರೆ, ಅಷ್ಟೇ.

ಆದರೆ ಗೆಣಸಿಗೆ ಬೇಕಾಗಿರೋದು ಆ ಕಾಣದ್ದೇ. ಎಲೆ ಅಡುಗೆಮನೆ ಅಂದ್ಕೊಳ್ಳಿ, ಗೆಡ್ಡೆ ಕಣಜ. ಎಲೆಯಲ್ಲಿ ತಯಾರಾದ ಸಕ್ಕರೆಯನ್ನ ಕೆಳಗೆ ಸಾಗಿಸೋಕೆ, ಅಲ್ಲಿ ಅದನ್ನ ಪಿಷ್ಟವಾಗಿ ಕಟ್ಟಿಡೋಕೆ ಪೊಟ್ಯಾಷ್ ಬೇಕು. ಅಡುಗೆಮನೆ ಎಷ್ಟು ದೊಡ್ಡದಾದರೂ ಹೊರೋ ಆಳಿಲ್ಲದಿದ್ದರೆ ಕಣಜ ತುಂಬಲ್ಲ. ಗೆಣಸಿನ ಬೆಳೆ ಮಣ್ಣಿನಿಂದ ಬೇರೆಲ್ಲಕ್ಕಿಂತ ಹೆಚ್ಚು ಎತ್ತಿಕೊಳ್ಳೋದೂ ಪೊಟ್ಯಾಷನ್ನೇ. ಗೆಡ್ಡೆ ಲಾರಿ ಹತ್ತಿ ಹೋದಾಗ ಅದೂ ಜೊತೆಗೆ ಹೋಗುತ್ತೆ. ವರ್ಷ ವರ್ಷ ಅದೇ ಹೊಲದಲ್ಲಿ ಗೆಣಸು ತೆಗೆದು ಬರೀ ಯೂರಿಯಾ ಹಾಕ್ತಾ ಹೋದರೆ, ಅಕೌಂಟಿಂದ ತೆಗೀತಾನೇ ಇದ್ದೀವಿ, ಕಟ್ತಾ ಇಲ್ಲ ಅಂತ ಅರ್ಥ.

ಹಾಗಾದ್ರೆ ಎಷ್ಟು ಹಾಕಬೇಕು? ಕೇರಳ ಕೃಷಿ ವಿಶ್ವವಿದ್ಯಾಲಯದ ಶಿಫಾರಸು ಹೆಕ್ಟೇರಿಗೆ ಸಾರಜನಕ 75, ರಂಜಕ 50, ಪೊಟ್ಯಾಷ್ 75 ಕೆ.ಜಿ., ಜೊತೆಗೆ 10 ಟನ್ ಕೊಟ್ಟಿಗೆ ಗೊಬ್ಬರ. ಎಕರೆಗೆ ಇಳಿಸಿದರೆ ಯೂರಿಯಾ 65 ಕೆ.ಜಿ., ಅಂದಾಜು ಒಂದೂವರೆ ಚೀಲ. ಪೊಟ್ಯಾಷ್ ಒಂದು ಚೀಲ. ಸೂಪರ್ ಫಾಸ್ಫೇಟ್ ಎರಡೂವರೆ ಚೀಲ. ಕೊಟ್ಟಿಗೆ ಗೊಬ್ಬರ 4 ಟನ್. ಗಮನಿಸಿ, ಸಾರಜನಕ ಎಷ್ಟೋ ಪೊಟ್ಯಾಷೂ ಅಷ್ಟೇ. ಯೂರಿಯಾ ಒಂದೇ ಸಲ ಸುರಿಯೋದಲ್ಲ. ಅರ್ಧ ನೆಡುವಾಗ, ಇನ್ನರ್ಧ ನಾಲ್ಕೈದು ವಾರ ಆದ ಮೇಲೆ ಕಳೆ ತೆಗೆದು ಮಣ್ಣು ಏರಿಸುವಾಗ. ಅದಾದ ಮೇಲೆ ಯೂರಿಯಾ ಕೈಗೆ ತಗೋಬೇಡಿ. ತಡವಾಗಿ ಹಾಕಿದ್ದು ಎಲೆಗೆ ಹೋಗುತ್ತೆ. ಮನೇಲಿ ಹಸು–ಎಮ್ಮೆ ಇದ್ದರೆ ಬಳ್ಳಿ ಒಳ್ಳೇ ಮೇವು, ಪೂರ್ತಿ ದಂಡ ಅಲ್ಲ ಅನ್ನಿ. ಆದರೆ ಮೇವಿಗಾಗಿ ಯಾರೂ ನಾಲ್ಕು ತಿಂಗಳು ಹೊಲ ಕಾಯಲ್ಲ.

ನಮ್ಮ ಕೇಳುಗನ ಲೆಕ್ಕ ಕೇಳಿದೆ. ಎಕರೆಗೆ ನಾಲ್ಕು ಚೀಲ ಯೂರಿಯಾ, ಪೊಟ್ಯಾಷ್ ಸೊನ್ನೆ. ನಾಲ್ಕು ಚೀಲಕ್ಕೆ 1066 ರೂಪಾಯಿ. ಒಂದೂವರೆ ಚೀಲಕ್ಕೆ ಇಳಿಸಿದರೆ 650ಕ್ಕೂ ಹೆಚ್ಚು ಉಳೀತು. ಅದಕ್ಕೆ ಇನ್ನೊಂದು ಸಾವಿರದಷ್ಟು ಸೇರಿಸಿದರೆ ಒಂದು ಚೀಲ ಪೊಟ್ಯಾಷ್. ಸುಲಭಕ್ಕೆ ಅಂತ ಗೆಣಸು ಕೆ.ಜಿ.ಗೆ 15 ರೂಪಾಯಿ ಹೋಯ್ತು ಅಂದ್ಕೊಳ್ಳಿ, ಆ ಸಾವಿರ ವಾಪಸ್ ಬರೋಕೆ 70 ಕೆ.ಜಿ. ಗೆಣಸು ಹೆಚ್ಚಿಗೆ ಬಂದರೆ ಸಾಕು. ನಮ್ಮ ದೇಶದ ಸರಾಸರಿ ಇಳುವರಿ ಹೆಕ್ಟೇರಿಗೆ ಹತ್ತು–ಹನ್ನೊಂದು ಟನ್ ಆಸುಪಾಸು, ಎಕರೆಗೆ ನಾಲ್ಕು ಟನ್ ಚಿಲ್ಲರೆ. ಚೀನಾದವರದ್ದು ಅದರ ಸುಮಾರು ಎರಡು ಪಟ್ಟು. ನಾಲ್ಕು ಟನ್‌ನಲ್ಲಿ 70 ಕೆ.ಜಿ. ಅಂದ್ರೆ ಎರಡು ಪರ್ಸೆಂಟೂ ಇಲ್ಲ. ಕಬ್ಬಿಗೆ ಹೋಗೋ ಮೊದಲು ಈ ಒಂದು ಲೆಕ್ಕ ಹೊಲದ ಒಂದು ಮೂಲೆಯಲ್ಲಿ, ಹತ್ತು ಸಾಲಿನಲ್ಲಿ ಮಾಡಿ ನೋಡಪ್ಪಾ ಅಂತ ಅವನಿಗೆ ಹೇಳಿದೀನಿ. ಪಕ್ಕದ ಹತ್ತು ಸಾಲು ಅಪ್ಪ ಹೇಳಿದ ಹಾಗೆ. ತಕ್ಕಡಿ ತಗೊಂಡು ಹೋಗಿ ಎರಡನ್ನೂ ತೂಗಲಿ, ಬಾಯಿ ಜಗಳ ಬೇಡ.

ಒಂದು ಎಚ್ಚರಿಕೆ ಮಾತ್ರ. ಇದು ಎಲ್ಲ ಹೊಲಕ್ಕೂ ಒಂದೇ ಅಲ್ಲ. ಕಪ್ಪು ಮಣ್ಣಲ್ಲಿ ಸಾಮಾನ್ಯವಾಗಿ ಪೊಟ್ಯಾಷ್ ಚೆನ್ನಾಗಿರುತ್ತೆ. ಕೆಂಪು ಮಣ್ಣು, ಜಂಬಿಟ್ಟಿಗೆ ಮಣ್ಣಲ್ಲಿ ಕಮ್ಮಿ, ಅದರಲ್ಲೂ ಘಟ್ಟದ ಅಂಚಿನ ಜೋರು ಮಳೆಗೆ ತೊಳೆದು ಹೋಗುತ್ತೆ. ರೈತ ಸಂಪರ್ಕ ಕೇಂದ್ರದಲ್ಲಿ ಮಣ್ಣು ಪರೀಕ್ಷೆಗೆ ಕೇಳಿ. 2015ರಿಂದ ಮಣ್ಣು ಆರೋಗ್ಯ ಚೀಟಿ ಅಂತ ಇದೆ. ಎಷ್ಟೋ ಮನೇಲಿ ಅದು ರೇಷನ್ ಕಾರ್ಡಿನ ಜೊತೆ ಡಬ್ಬಿಯಲ್ಲಿದೆ, ಓದಿದವರಿಲ್ಲ. ನಿಮ್ಮಲ್ಲಿ ಊರಿಗೆ ಹೋಗೋರು ಯಾರಾದ್ರೂ ಇದ್ದರೆ ಒಂದು ಫೋಟೊ ತಗೊಂಡು ಅಪ್ಪನಿಗೆ ಓದಿ ಹೇಳಿ.

ಕೊಟ್ಟಿಗೆ ಗೊಬ್ಬರದ ಬಗ್ಗೆ ಒಂದೇ ಮಾತು, ಪೂರ್ತಿ ಕಳಿತಿರಬೇಕು. ಹಸಿ ಸಗಣಿ ಹಾಕಿದರೆ ಗೊಣ್ಣೆ ಹುಳು ಕರೆದ ಹಾಗೆ.

ನೆಡೋದರಲ್ಲೂ ಸೂಕ್ಷ್ಮ ಇದೆ. ಬಳ್ಳಿಯ ಬುಡದ ತುಂಡಿಗಿಂತ ತುದಿಯ ಕುಡಿ ಚೆನ್ನಾಗಿ ಹಿಡಿಯುತ್ತೆ, ಹುಳುವಿನ ಮೊಟ್ಟೆಯೂ ಕಮ್ಮಿ. ಒಂದು ಗೇಣಿಗಿಂತ ಸ್ವಲ್ಪ ಉದ್ದ, ಮೂರ್ನಾಲ್ಕು ಗೆಣ್ಣು ಇದ್ದರೆ ಸಾಕು. ಕತ್ತರಿಸಿದ ಬಳ್ಳಿಯನ್ನ ಎಲೆ ಸಮೇತ ಎರಡು ದಿನ ನೆರಳಲ್ಲಿಟ್ಟು ನೆಟ್ಟರೆ ಬೇರು ಬೇಗ ಬಿಡುತ್ತೆ. ದಿಂಡಿನ ಮೇಲೆ ನೆಡಬೇಕು, ಬೆಳಗಾವಿ ಕಡೆ ಬೋದು ಅಂತಾರಲ್ಲ, ಅದರ ಮೇಲೆ. ಸಾಲಿಂದ ಸಾಲಿಗೆ ಎರಡು ಅಡಿ, ಗಿಡದಿಂದ ಗಿಡಕ್ಕೆ ಒಂದು ಗೇಣು. ತುಂಬಾ ದೂರ ನೆಟ್ಟರೆ ಒಂದೊಂದು ಗೆಣಸು ಮಗುವಿನ ತಲೆಯಷ್ಟು ಆಗುತ್ತೆ, ಆದರೆ ಕುಕ್ಕರಿಗೆ ಹಿಡಿಯದ ಗೆಣಸು ಪೇಟೆಯಲ್ಲಿ ಯಾರಿಗೂ ಬೇಡ.

ಗೆಣಸು ಸೀಳೋದಕ್ಕೆ ಮುಖ್ಯ ಕಾರಣ ನೀರಿನ ಏರುಪೇರು. ಮೂರು ವಾರ ಒಣಗಿಸಿ, ಆಮೇಲೆ ಒಂದೇ ಸಲ ತುಂಬಿ ಹರಿಸಿದರೆ ಒಳಗಿನ ತಿರುಳು ಸಿಪ್ಪೆಗಿಂತ ಬೇಗ ಬೆಳೆದು ಬಿರಿಯುತ್ತೆ. ಬೋರಾನ್ ಕಮ್ಮಿ ಇದ್ದರೂ ಸೀಳು, ಒಳಗೆ ಕಂದು ಕಲೆ ಬರುತ್ತೆ. ಬೋರಾನ್ ಬೇಕಾಗಿರೋದು ಚಿಟಿಕೆಯಷ್ಟು, ಹೆಚ್ಚಾದರೆ ಅದೇ ವಿಷ. ಹಾಗಾಗಿ ಪರೀಕ್ಷೆ ಮಾಡಿಸದೆ ಯೂಟ್ಯೂಬ್ ನೋಡಿ ಎರಚಬೇಡಿ. ನನ್ನ ಪಾಡ್‌ಕಾಸ್ಟ್ ಕೇಳಿಯೂ ಎರಚಬೇಡಿ.

ಇನ್ನು ಮೂತಿ ಹುಳು. ಸಣ್ಣ ಇರುವೆಯಂಥ ದುಂಬಿ, ಮುಂದೆ ಉದ್ದ ಮೂತಿ. ಅದರ ಮರಿ ಗೆಡ್ಡೆಯೊಳಗೆ ಸುರಂಗ ಕೊರೆಯುತ್ತೆ. ಗೆಣಸು ತನ್ನನ್ನ ಕಾಪಾಡ್ಕೊಳ್ಳೋಕೆ ಕಹಿ ರಸ ಬಿಡುತ್ತೆ. ಒಂದು ಕಡೆ ಸ್ವಲ್ಪ ತೂತಿದ್ದರೂ ಇಡೀ ಗೆಣಸು ಕಹಿ ಬರೋದು ಅದಕ್ಕೇ, ದನವೂ ಮುಟ್ಟಬಾರದು. ಈ ಹುಳು ಆಳಕ್ಕೆ ತೋಡಲ್ಲ, ಮಣ್ಣಿನ ಬಿರುಕಿನಿಂದ ಒಳಗೆ ಇಳಿಯುತ್ತೆ. ಗೆಡ್ಡೆ ಊದಿದಂತೆ ಮೇಲಿನ ಮಣ್ಣು ಬಿರಿಯುತ್ತಲ್ಲ, ಅದೇ ಅದಕ್ಕೆ ಬಾಗಿಲು. ಒಂದು ಸಲ ಮಣ್ಣು ಏರಿಸಿ ಆ ಬಿರುಕು ಮುಚ್ಚಿದರೆ ಅರ್ಧ ಕೆಲಸ ಆಯ್ತು, ಪೈಸೆ ಖರ್ಚಿಲ್ಲ. ಉಳಿದರ್ಧಕ್ಕೆ ಮೋಹಕ ಬಲೆ ಸಿಗುತ್ತೆ. ಅದರೊಳಗಿನ ವಾಸನೆಗೆ ಗಂಡು ದುಂಬಿಗಳು ಬಂದು ಬೀಳ್ತವೆ. ಅದೇ ಹೊಲಕ್ಕೆ ಸತತವಾಗಿ ಗೆಣಸು ಹಾಕದೇ ಇರೋದು, ಬಲಿತ ಮೇಲೆ ರೇಟು ಏರಲಿ ಅಂತ ತಿಂಗಳುಗಟ್ಟಲೆ ನೆಲದಲ್ಲೇ ಬಿಡದೇ ಇರೋದು, ಇವೆರಡೂ ಸೇರಿಸಿ. ಕಾಯೋ ಆಸೆ ಅರ್ಥ ಆಗುತ್ತೆ. ಆದರೆ ನೆಲ ಗೋದಾಮು ಅಲ್ಲ. ದಿನ ಹೋದಂತೆ ನಾರು ಹೆಚ್ಚುತ್ತೆ, ಹುಳುವಿಗೆ ಬಾಡಿಗೆ ಕೊಟ್ಟ ಹಾಗೆ.

ತಳಿಯ ವಿಷಯಕ್ಕೆ ಬರೋಣ. ತಿರುವನಂತಪುರದ ಶ್ರೀಕಾರ್ಯಂನಲ್ಲಿ ಕೇಂದ್ರೀಯ ಗೆಡ್ಡೆ ಬೆಳೆಗಳ ಸಂಶೋಧನಾ ಸಂಸ್ಥೆ ಇದೆ, 1963ರಲ್ಲಿ ಶುರುವಾದದ್ದು. ಅವರ ಭೂ ಸೋನಾ ಅನ್ನೋ ತಳಿ ಕತ್ತರಿಸಿದರೆ ಒಳಗೆ ಗಾಢ ಕಿತ್ತಳೆ ಬಣ್ಣ. 100 ಗ್ರಾಂನಲ್ಲಿ 14 ಮಿಲಿಗ್ರಾಂ ಬೀಟಾ ಕ್ಯಾರೊಟಿನ್, ಅಂದ್ರೆ ನಮ್ಮ ದೇಹ ಎ ಜೀವಸತ್ವ ಮಾಡ್ಕೊಳ್ಳೋ ಸಾಮಾನು. ಭೂ ಕೃಷ್ಣ ಅನ್ನೋದು ನೇರಳೆ ಬಣ್ಣದ್ದು. ಕಿತ್ತಳೆ ಗೆಣಸು ಆಫ್ರಿಕಾದಲ್ಲಿ ಮಕ್ಕಳ ಕಣ್ಣು ಉಳಿಸೋ ಆಹಾರವಾಗಿ ಹಬ್ಬಿತು. ಆ ಕೆಲಸಕ್ಕೆ 2016ರಲ್ಲಿ ವಿಶ್ವ ಆಹಾರ ಪ್ರಶಸ್ತಿಯೂ ಬಂತು. ಮರಿಯಾ ಆಂಡ್ರಾಡೆ, ರಾಬರ್ಟ್ ಮ್ವಾಂಗಾ, ಜಾನ್ ಲೋ, ಅವರ ಜೊತೆ ಬೆಳೆಗಳಲ್ಲಿ ಪೌಷ್ಟಿಕತೆ ಹೆಚ್ಚಿಸೋ ಕೆಲಸದ ಹೊವಾರ್ತ್ ಬೌಯಿಸ್, ಒಟ್ಟು ನಾಲ್ವರಿಗೆ. ನಮ್ಮ ಮಾರುಕಟ್ಟೆಯಲ್ಲಿ ಅದು ಯಾಕೆ ಕಮ್ಮಿ? ಒಂದು ಕಾರಣ ನಾಲಿಗೆ. ಕಿತ್ತಳೆ ಗೆಣಸಿನಲ್ಲಿ ನೀರಿನಂಶ ಹೆಚ್ಚು, ಬೆಂದರೆ ಮೆತ್ತಗೆ. ನಮಗೆ ಹಿಟ್ಟು ಹಿಟ್ಟಾಗಿ, ಗಂಟಲಿಗೆ ಸಿಕ್ಕಿಕೊಳ್ಳೋ ಹಾಗಿರೋ ಬಿಳಿ ತಿರುಳೇ ಗೆಣಸು. ಹೋಳಿಗೆಗೆ, ಬಜ್ಜಿಗೆ ಅದೇ ಸರಿ ಅಂತ ನಾನೂ ಒಪ್ತೀನಿ. ಮಕ್ಕಳಿಗೆ ಬೇಯಿಸಿ ಹಿಸುಕಿ ಕೊಡೋಕೆ ಮಾತ್ರ ಕಿತ್ತಳೆಯದ್ದು ತಗೊಳ್ಳಿ.

ಕಿತ್ತ ತಕ್ಷಣ ಗೆಣಸು ಅಷ್ಟು ಸಿಹಿ ಇರಲ್ಲ, ಗೊತ್ತಾ? ಕಿತ್ತ ಮೇಲೆ ನಾಲ್ಕೈದು ದಿನ ಬೆಚ್ಚಗೆ, 30 ಡಿಗ್ರಿ ಹತ್ತಿರ, ತೇವ ಇರೋ ಗಾಳಿಯಲ್ಲಿ ಇಟ್ಟರೆ ತರಚಿದ ಗಾಯಗಳಿಗೆ ಹೊಸ ಸಿಪ್ಪೆ ಕಟ್ಟುತ್ತೆ, ಕೊಳೆಯೋದು ತಪ್ಪುತ್ತೆ, ಸಿಹಿಯೂ ಏರುತ್ತೆ. ಅಮೆರಿಕದಲ್ಲಿ ಇದಕ್ಕೇ ಕೋಣೆ ಕಟ್ಟಿ ಮಾಡ್ತಾರೆ. ನಮ್ಮಲ್ಲಿ ಕಿತ್ತ ಸಂಜೆಯೇ ತೊಳೆದು ಲಾರಿಗೆ ಹಾಕೋದರಿಂದ ಅದಕ್ಕೆ ಪುರುಸೊತ್ತಿಲ್ಲ. ತೊಳೆದ ಗೆಣಸು ಹೊಳೆಯುತ್ತೆ, ಹೊಳೆಯೋದಕ್ಕೆ ರೇಟು ಸಿಗುತ್ತೆ. ಆದರೆ ಅದೇ ತೊಳೆಯುವಿಕೆ ಅದರ ಆಯುಸ್ಸು ಕಮ್ಮಿ ಮಾಡುತ್ತೆ. ಕೊಳ್ಳೋರು ನಾವು ಮಣ್ಣು ಮೆತ್ತಿದ್ದನ್ನ ಬೇಡ ಅನ್ನೋ ತನಕ ರೈತ ತೊಳೀತಾನೇ ಇರಬೇಕು.

ನಿಮ್ಮ ಮನೆಗೆ ಬಂದ ಗೆಣಸನ್ನ ಫ್ರಿಜ್‌ನಲ್ಲಿ ಇಡಬೇಡಿ. 12 ಡಿಗ್ರಿಗಿಂತ ತಣ್ಣಗಾದರೆ ಅದಕ್ಕೆ ಪೆಟ್ಟಾಗುತ್ತೆ, ಎಷ್ಟು ಬೇಯಿಸಿದರೂ ಒಳಗೆ ಗಟ್ಟಿ ಉಳಿಯುತ್ತೆ. ಈರುಳ್ಳಿ ಬುಟ್ಟಿ ಪಕ್ಕ, ಗಾಳಿ ಆಡೋ ಜಾಗದಲ್ಲಿ ಇಡಿ. ಬೇಯಿಸೋದೂ ನಿಧಾನಕ್ಕೆ. ಬಿಸಿ ಮೆಲ್ಲಗೆ 60–70 ಡಿಗ್ರಿ ದಾಟುವಾಗ ಗೆಣಸಿನೊಳಗಿನ ಕಿಣ್ವ ಪಿಷ್ಟವನ್ನ ಸಕ್ಕರೆ ಮಾಡುತ್ತೆ. ಮೈಕ್ರೊವೇವ್‌ನಲ್ಲಿ ಐದು ನಿಮಿಷಕ್ಕೆ ಬೇಯಿಸಿದರೆ ಅದಕ್ಕೆ ಸಮಯವೇ ಸಿಗಲ್ಲ. ಬಿಸಿ ಬೂದಿಯಲ್ಲಿ ಹೂತಿಟ್ಟು ಸುಟ್ಟ ಗೆಣಸು ಜಾಸ್ತಿ ಸಿಹಿ ಅನ್ನಿಸೋದು ಅದಕ್ಕೇ.

ನಿಮ್ಮೂರಲ್ಲೂ ಗೆಣಸು ಬೆಳೀತಿದ್ದರೆ ಎಕರೆಗೆ ಯೂರಿಯಾ ಎಷ್ಟು ಚೀಲ, ಪೊಟ್ಯಾಷ್ ಎಷ್ಟು ಚೀಲ ಅಂತ ಮನೇಲಿ ಕೇಳಿ ವಾಯ್ಸ್ ನೋಟ್ ಕಳಿಸಿ. ನಮ್ಮ ಖಾನಾಪುರದ ಹುಡುಗ ಇಪ್ಪತ್ತು ಸಾಲು ತೂಗಿದ ದಿನ ಆ ಎರಡು ಅಂಕಿ ಇಲ್ಲೇ ಹೇಳ್ತೀನಿ, ಅಪ್ಪ ಗೆದ್ದರೂ ಹೇಳ್ತೀನಿ. ಮುಂದಿನ ವಾರ ಸಿಗೋಣ.